ಬುಗುರಿ ಎಡಕ್ಕೆ ತಿರುಗುತ್ತದೆ

ಹೆಸರು ಟ್ರೊಂಪೊ. ಅಂದರೆ ಬುಗುರಿ.
ಮರಿಯಿದ್ದಾಗ ತನ್ನ ಬಾಲವನ್ನೇ ಹಿಡಿಯಹೊರಟು
ಗಿರಗಿರ ತಿರುಗಿ, ಒಲೆಯ ಕಬ್ಬಿಣದ ಕಾಲಿಗೆ
ತಲೆ ಬಡಿದುಕೊಂಡು ನಿಂತವನು.
ಹೆಸರಿಟ್ಟವಳು ನನ್ನ ತಂಗಿ ಎದುವಿಹೆಸ್.
ಅವತ್ತು ಬಹಳ ನಕ್ಕಿದ್ದೆವು.

ಹದಿನಾಲ್ಕು ವರ್ಷದ ಮೇಲೆ, ಈ ನವೆಂಬರಿನಲ್ಲಿ
ಮತ್ತೆ ತಿರುಗುತ್ತಿದ್ದಾನೆ.
ಈಗ ಯಾವುದನ್ನೂ ಹಿಡಿಯಲಿಕ್ಕಲ್ಲ.
ಎಡಕ್ಕೆ, ಎಡಕ್ಕೆ, ಮತ್ತೂ ಎಡಕ್ಕೆ.
ಅಡುಗೆಮನೆ ನೆಲದ ಮೇಲೆ ಉಗುರಿನ ಸದ್ದು:
ಯಾರೋ ಕತ್ತಲಲ್ಲಿ ತಪ್ಪು ಕೀಲಿ ಹಾಕಿಕೊಂಡು
ತಿರುವುತ್ತಲೇ ಇದ್ದ ಹಾಗೆ.

ನಾಯಿಬಾಲ ದಬ್ಬೆ ಕಟ್ಟಿದರೂ ಡೊಂಕು ಅನ್ನುತ್ತಾರಲ್ಲ,
ಇವನದು ದಬ್ಬೆಯಿಲ್ಲದೆ ತಾನಾಗಿ ನೆಟ್ಟಗಾಗಿದೆ.
ಅದನ್ನು ಮೊದಲು ಕಂಡವನು ನಾನು.
ಎರಡು ದಿನ ಯಾರಿಗೂ ಹೇಳಲಿಲ್ಲ.

ಡಾಕ್ಟರ್ ಮರಿತ್ಸಾ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಳು.
ಮುಂದಿನ ವಾರ ಮುಂಗಾಲ ರೋಮ ಬೋಳಿಸಿ ರಕ್ತ ತೆಗೆದಳು.
ಆಮೇಲೆ ಎಕ್ಸ್‌ರೇ.
ತೂಕ ಇಪ್ಪತ್ತೊಂದು ಇದ್ದದ್ದು ಹದಿನೇಳೂವರೆ.
ಮಿಕ್ಕಿದ್ದೆಲ್ಲ ಸಹಜ.
ಪಿತ್ತಕೋಶ ಸಹಜ, ಮೂತ್ರಪಿಂಡ ವಯಸ್ಸಿಗೆ ಸಹಜ,
ಹೃದಯ, ಕೇಳಿ ನೋಡಿ, ಸಹಜ ಎಂದು
ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಕೊಟ್ಟಳು.
ಸಹಜ ಎಂಬ ಮಾತಿಗೆ ನಾನು ಇಷ್ಟು ಹೆದರಿದ್ದು
ಇದೇ ಮೊದಲು.

ನಾಲ್ಕನೆಯ ಸಲ ಅವಳು ಮೇಜಿನ ಮೇಲೆ ಹತ್ತಿಸಲಿಲ್ಲ.
ತಾನೇ ನೆಲಕ್ಕೆ ಕೂತು, ಅವನ ಗದ್ದವನ್ನು ಅಂಗೈಲಿ ಹಿಡಿದು
ಗೊತ್ತಿಲ್ಲ ಎರಿಬೆರ್ತೊ, ಎಂದಳು.
ತಲೆಯೊಳಗನ್ನು ತೋರುವ ಯಂತ್ರ ಸಾಂತಿಯಾಗೊದಲ್ಲಿದೆ,
ವಿಮಾನ ಹತ್ತಬೇಕು, ಅರಿವಳಿಕೆ ಕೊಡಬೇಕು,
ಈ ಪ್ರಾಯಕ್ಕೆ ನಾನಾದರೆ…
ವಾಕ್ಯ ಮುಗಿಸಲಿಲ್ಲ.
ಸಿಟ್ಟು ಬಂತು. ಮೂರು ದಿನದ ಬಾಡಿಗೆ ಎಣಿಸಿಟ್ಟು ಬಂದೆ.

ನಮ್ಮ ಪುಂತಾ ಅರೆನಾಸ್‌ನಲ್ಲಿ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಕಟ್ಟುತ್ತಾರೆ,
ಜನ ಹಿಡಿದುಕೊಂಡು ನಡೆಯಲಿ ಅಂತ.
ಆ ದಿನ ಒಂದು ಕೈಲಿ ಊರಿನ ಹಗ್ಗ,
ಇನ್ನೊಂದರಲ್ಲಿ ಇವನದು.
ಇವನು ಎಡಕ್ಕೆ ಎಳೆಯುತ್ತಾನೆ, ಗಾಳಿ ಬಲಕ್ಕೆ.
ಕಾರಿನ ಬಾಗಿಲು ತೆಗೆಯಲು ಮೂರನೆಯ ಕೈ ಎಲ್ಲಿಂದ ತರಲಿ?

ನನ್ನದು ಬಾಡಿಗೆ ಕಾರು, ನಿಗದಿತ ದಾರಿ,
ನಾಲ್ಕು ಜನ ಹತ್ತುತ್ತಾರೆ, ಇಳಿಯುತ್ತಾರೆ.
ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗದೆ
ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಮೂರೇ ಜನರನ್ನು ಹತ್ತಿಸಿಕೊಳ್ಳುತ್ತೇನೆ.
ಯಾರೂ ಗೊಣಗಿಲ್ಲ. ಒಬ್ಬ ಮುದುಕಿ ಬ್ರೆಡ್ಡಿನ ತುದಿ ಮುರಿದುಕೊಟ್ಟಳು,
ಅವನು ಮೂಸಿ, ಮರ್ಯಾದೆಗೆಂಬಂತೆ ಬಾಯಲ್ಲಿಟ್ಟುಕೊಂಡ.
ಶಾಲೆಯ ಹುಡುಗನೊಬ್ಬ ಹಿಂದಿನಿಂದ ಬಗ್ಗಿ ಕೇಳಿದ:
ಮಾಮಾ, ನಾಯಿ ಎಲ್ಲಿ ಇಳಿಯುತ್ತದೆ?

ಸಿಗ್ನಲ್ ಹಸಿರಾಗಿತ್ತು.
ಹಿಂದಿನವರು ಹಾರ್ನ್ ಹೊಡೆಯುವವರೆಗೂ
ನನಗದು ಕಾಣಲಿಲ್ಲ.

ರಾತ್ರಿ ಹನ್ನೊಂದಾದರೂ ಆಕಾಶದಲ್ಲಿ ಬೆಳಕಿನ ಕಲೆ.
ಎದುವಿಹೆಸ್ ಈಲಿ ಬೇಯಿಸಿದ್ದಾಳೆ,
ನಿನಗಲ್ಲ ಎಂದು ನನಗೆ ಮೊದಲೇ ಗದರಿದ್ದಾಳೆ.
ಬೆರಳ ತುದಿಯಿಂದ ಎರಡು ತುಂಡು ತಿಂದ,
ಮೂರನೆಯದಕ್ಕೆ ಮುಖ ತಿರುಗಿಸಿದ.
ಎರಡು ಅಂದರೆ ಎರಡೇ, ಎಂದು ಕ್ಯಾಲೆಂಡರಿನಲ್ಲಿ ಬರೆದಳು,
ಸಾಲ ತೀರಿದ ಲೆಕ್ಕದಂತೆ.

ಮತ್ತೆ ಶುರುವಾಯಿತು.
ನೋಡು, ಮಲಗೋ ಮುಂಚೆ ಎಲ್ಲ ನಾಯಿಯೂ ಸುತ್ತುತ್ತೆ, ಎಂದಳು.
ಹೌದು, ಎಂದೆ.
ಮೂರು ಸುತ್ತು. ನಾಲ್ಕು.
ಇದು ಹಾಸಿಗೆ ಹದಮಾಡಿಕೊಳ್ಳುವ ಸುತ್ತೋ
ಇನ್ನೊಂದೋ,
ಏಳಾದರೂ ಇಬ್ಬರೂ ಬಾಯಿಬಿಟ್ಟು ಎಣಿಸಲಿಲ್ಲ.

ಒಲೆಯ ಕಾಲಿಗೆ ನನ್ನ ಹಳೆ ಉಣ್ಣೆಯ ಸ್ವೆಟರ್ ಸುತ್ತಿದ್ದೇನೆ,
ತೋಳುಗಳನ್ನು ಬಿಗಿಯಾಗಿ ಗಂಟು ಹಾಕಿ.
ಬಡಿದರೆ ಅಲ್ಲಿ ಬಡಿಯಲಿ.